ಉದ್ಘಾಟನೆಯ ದಿನದ ಮೈಕು

ಗುಂಯ್ ಅನ್ನುತ್ತಿದೆ ಎಡಗಡೆಯ ಸ್ಪೀಕರ್, ಬಿಸಿಲು ಏರಿದಂತೆಲ್ಲ ಅದಕ್ಕೆ ಇದೊಂದು ಚಾಳಿ, ಬೇರೆ ಯಾರಿಗೂ ಕೇಳಿಸುವುದಿಲ್ಲ, ನನಗೆ ಮಾತ್ರ ಕೇಳಿಸುತ್ತದೆ, ಹಲ್ಲುನೋವಿನ ಹಾಗೆ — ವೈರನ್ನು ಒಂದು ಚೂರು ಅಲುಗಿಸಿದೆ, ನಿಂತಿತು, ಈಗ ಮಂತ್ರಿಗಳ ದನಿ ನೀಟಾಗಿ ಹೋಗುತ್ತಿದೆ, ಹೊಸ ಶಾಲೆಯ ಗೇಟು ದಾಟಿ, ರಸ್ತೆ ದಾಟಿ, ಬಸ್ ಸ್ಟ್ಯಾಂಡಿನವರೆಗೆ, ಕೋಟಿ ಅನ್ನುತ್ತಿದ್ದಾರೆ, ಕೋಟಿ ಅಂದಾಗಲೆಲ್ಲ ಸ್ಪೀಕರಿನ ಜಾಲರಿ ಅದುರುತ್ತದೆ, ಅದಕ್ಕೇ ಇಂಥ ಸಮಾರಂಭಗಳಲ್ಲಿ ನಾನು ಬೇಸ್ ಸ್ವಲ್ಪ ಇಳಿಸಿಯೇ ಇಡುವುದು, ಎಷ್ಟು ವರ್ಷದಿಂದ ಕೇಳುತ್ತಿದ್ದೇನೆ ಇದನ್ನು, ಸೇತುವೆಗೆ ಇಷ್ಟು, ಆಸ್ಪತ್ರೆಗೆ ಇಷ್ಟು, ಶಾಲೆಗೆ ಇಷ್ಟು, ಅಧಿಕಾರದಲ್ಲಿ ಇರುವವರು ಬಂದರೂ ನನ್ನದೇ ಮೈಕು, ಅವರನ್ನು ಬೈಯುವವರು ಬಂದರೂ ನನ್ನದೇ ಮೈಕು, ಊರವರು ನನಗೆ ಮೈಕಾಸುರ ಅಂತ ಹೆಸರಿಟ್ಟಿದ್ದಾರೆ, ತಮಾಷೆ ಏನೆಂದರೆ ಹಲೋ ಹಲೋ ಮೈಕ್ ಟೆಸ್ಟಿಂಗ್ ಅನ್ನುವುದರ ಆಚೆಗೆ ನಾನು ಮೈಕಿನಲ್ಲಿ ಒಂದಕ್ಷರ ಆಡಿದವನಲ್ಲ. ಹಾಗಂತ ನನಗೆ ಅಭಿಪ್ರಾಯ ಇಲ್ಲವೇ, ಬೇಕಾದಷ್ಟಿದೆ, ಒಂದು ಸುತ್ತು ಇನ್ಸುಲೇಷನ್ ಟೇಪು ಕೊಂಡರೂ ಅದರಲ್ಲಿ ಸರ್ಕಾರಕ್ಕೆ ಹೋಗುವ ಪಾಲಿದೆ, ಬೆಂಕಿಪೊಟ್ಟಣ ಕೊಂಡ ಮುದುಕಿಯೂ ಕೊಡುತ್ತಾಳೆ, ಸೋಪು ಕೊಂಡವನೂ ಕೊಡುತ್ತಾನೆ, ಕೊಟ್ಟದ್ದು ಎಲ್ಲಿ ಹೋಯಿತು ಅಂತ ಯಾರನ್ನು ಕೇಳುವುದು, ಸರ್ಕಾರ ಅಂದರೆ ಯಾರು, ಅದರ ಮನೆ ಎಲ್ಲಿ, ಬಾಗಿಲು ಎಲ್ಲಿ, ಎಲ್ಲಾ ಸೇರ್ಕೊಂಡು ತಿಂತಾರೆ ಕಣೇ ಅಂತ ದಿನಾ ಹೆಂಡತಿಗೆ ಹೇಳುತ್ತೇನೆ, ಅವಳು ಪಾತ್ರೆ ತೊಳೆಯುತ್ತಾ ತಿರುಗಿ ಕೂಡ ನೋಡದೆ, ಅಷ್ಟು ದೊಡ್ಡ ಮೈಕ್ ಸೆಟ್ ಇಟ್ಕೊಂಡು ಅಡುಗೆಮನೇಲಿ ಭಾಷಣ ಮಾಡ್ತೀರಲ್ಲ ಅನ್ನುತ್ತಾಳೆ, ಅವಳ ಬಾಯಿಗೆ ಬೀಳಬಾರದು.

ವೇದಿಕೆಯ ಕೊನೆಯ ಕುರ್ಚಿಯಲ್ಲಿ ಅಕ್ಕ, ನನ್ನ ಒಡಹುಟ್ಟಿದ ಅಕ್ಕ, ಈ ಶಾಲೆಯ ಹೆಡ್ ಮೇಡಂ, ಕುರ್ಚಿಯ ತುದಿಗೆ ಕೂತಿದ್ದಾಳೆ, ಯಾವಾಗಲೂ ಹಾಗೇ ಅವಳು, ಬಸ್ಸಿನಲ್ಲೂ ಹಾಗೇ, ಯಾರಿಗೋ ಜಾಗ ಬಿಟ್ಟುಕೊಡಲು ತಯಾರಾದವಳ ಹಾಗೆ, ಬಣ್ಣದ ವಾಸನೆ ಇನ್ನೂ ಹಸಿಯಾಗಿದೆ, ಹಿಂದಿನ ಗೋಡೆಯ ಹಳದಿ ಅವಳ ಕೆನ್ನೆಯ ಮೇಲೆ ಬಿದ್ದು ಮುಖ ಸೊರಗಿದ ಹಾಗೆ ಕಾಣುತ್ತಿದೆ, ಅಥವಾ ನಿಜವಾಗಿಯೂ ಸೊರಗಿದ್ದಾಳೋ, ನಿದ್ದೆ ಮಾಡಿಲ್ಲವೋ ಏನೋ. ಈ ಕಟ್ಟಡಕ್ಕಾಗಿ ಅವಳು ಕಾದದ್ದೆಷ್ಟು, ಅಷ್ಟು ವರ್ಷ ಆ ಗೋದಾಮಿನಲ್ಲಿ, ಹಳೇ ಗೊಬ್ಬರದ ಗೋದಾಮು ಅದು, ತಗಡಿನ ಮಾಡು, ಮಧ್ಯೆ ಗೋಡೆಯಿಲ್ಲ, ನಾಲ್ಕನೇ ಕ್ಲಾಸು ಆ ಕಡೆ ಮುಖ, ಐದನೇ ಕ್ಲಾಸು ಈ ಕಡೆ ಮುಖ, ಬೆನ್ನಿಗೆ ಬೆನ್ನು, ಅಲ್ಲಿ ಮಗ್ಗಿ ಹೇಳಿಸಿದರೆ ಇಲ್ಲಿ ಪದ್ಯ ಮುಳುಗುತ್ತದೆ, ಇಲ್ಲಿ ಪದ್ಯ ಜೋರಾದರೆ ಅಲ್ಲಿ ಮಗ್ಗಿ ತಪ್ಪುತ್ತದೆ, ಕೂಗಿ ಕೂಗಿ ಅಕ್ಕನ ಗಂಟಲು ಹೋಯಿತು, ಚಿಕ್ಕಂದಿನಲ್ಲಿ ಎಂಥಾ ಕಂಠ ಅವಳದು, ಬಾವಿಯ ಹತ್ತಿರ ನಿಂತು ಕರೆದರೆ ನಾನು ಆಟದ ಬಯಲಿನ ಆ ತುದಿಯಿಂದ ಓಡಿಬರುತ್ತಿದ್ದೆ, ಈಗ ಊಟದ ಮನೆಯಲ್ಲಿ ಎದುರು ಕೂತು ಮಾತಾಡಿದರೂ ಏನಂದೆ ಅಂತ ಕೇಳಬೇಕು, ಡಾಕ್ಟರು ಹೇಳಿದರಂತೆ, ಮೇಡಂ, ಇನ್ನು ಕೂಗಬೇಡಿ, ಇವಳು ನಕ್ಕಳಂತೆ. ಒಂದು ಸಣ್ಣ ಮೈಕು ಮಾಡಿಕೊಂಡು ಹೋಗಿದ್ದೆ ಒಮ್ಮೆ, ಕುತ್ತಿಗೆಗೆ ಹಾಕಿಕೊಳ್ಳುವಂಥದ್ದು, ನಾನೇ ಬೆಸುಗೆ ಹಾಕಿದ್ದು, ತಗೋ ಅಕ್ಕ ಇನ್ನು ಕೂಗೋದು ಬೇಡ ಅಂದೆ, ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು, ಖುಷಿಪಟ್ಟಳು, ಆಮೇಲೆ ವಾಪಸು ಕೊಟ್ಟಳು — ನಾನು ಇದನ್ನ ಹಾಕ್ಕೊಂಡ್ರೆ ನನ್ನ ಬೆನ್ನಿಗಿರೋ ಟೀಚರ್ ಏನ್ ಮಾಡ್ಬೇಕೋ, ಆ ಮಕ್ಕಳಿಗೆ ಏನ್ ಕೇಳ್ಸುತ್ತೆ ಹೇಳು. ಅದನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಈ ಊರಲ್ಲಿ ಅವಳಿಗಿಂತ ಹೆಚ್ಚಾಗಿ ಈ ಕಟ್ಟಡ ಬೇಕಾದವರು ಯಾರಿದ್ದಾರೆ, ಗೋಡೆ ಇರುವ ಕೋಣೆಗಳು, ಬಾಗಿಲು ಹಾಕಿಕೊಂಡು ಮೆಲ್ಲಗೆ ಪಾಠ ಮಾಡಬಹುದಾದ ಕೋಣೆಗಳು, ನಿನ್ನೆ ವೈರು ಎಳೆಯಲು ಬಂದಾಗ ಅವಳು ಇಲ್ಲೇ ವರಾಂಡದಲ್ಲಿ ಒಬ್ಬಳೇ ನಿಂತಿದ್ದಳು, ಖುಷಿಯಾಯ್ತಾ ಅಕ್ಕ ಅಂದರೆ ಗೋಡೆ ಸವರುತ್ತಾ, ನಾಳೆ ನನ್ನ ಮಾತು ಹಿಂದೆ ಕೂತೋರಿಗೂ ಕೇಳ್ಸುತ್ತೇನೋ ಅಂದಳು, ನಿನಗೆ ಒಂದು ವಂದನಾರ್ಪಣೆ ಅಷ್ಟೇ ತಾನೇ, ಬಸ್ ಸ್ಟ್ಯಾಂಡಿಗೂ ಕೇಳ್ಸುತ್ತೆ ಬಿಡು ಅಂದೆ.

ಚಪ್ಪಾಳೆ, ಮಂತ್ರಿಗಳು ಮುಗಿಸಿದರು, ಕಂಟ್ರಾಕ್ಟರು ಎದ್ದ, ಬಿಳಿ ಶರ್ಟು, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ರಿಬ್ಬನ್ ಕಟ್ಟಿದ ಕೀ, ನನ್ನ ವರ್ಷದ ಅರ್ಧ ಕೆಲಸ ಇವನಿಂದಲೇ ಬರುವುದು, ಇವನು ಕಟ್ಟಿಸಿದ್ದಕ್ಕೆಲ್ಲ ಉದ್ಘಾಟನೆ, ಉದ್ಘಾಟನೆಗೆಲ್ಲ ನನ್ನ ಮೈಕು, ಮಂತ್ರಿಗಳು ಕೀ ತೆಗೆದುಕೊಂಡು ಅಕ್ಕನ ಕಡೆ ಚಾಚಿದರು, ಫೋಟೋದವರು ಬಗ್ಗಿದರು, ಅಕ್ಕ ಎದ್ದು ಬಂದಳು — ಕೈ ಚಾಚಲಿಲ್ಲ. ಮರೆತಳೋ, ನಾಚಿಕೆಯೋ, ಮಂತ್ರಿಗಳು ನಗುತ್ತಾ ಇನ್ನಷ್ಟು ಮುಂದೆ ಚಾಚಿದರು, ತಗೊಳ್ಳಿ ಮೇಡಂ, ಅಕ್ಕ ಅವರಿಗೆ ಏನೋ ಮೆಲ್ಲಗೆ ಹೇಳಿ ಮೈಕಿನ ಹತ್ತಿರ ಬಂದಳು, ಮೈಕು ಅವಳಿಗೆ ಎತ್ತರವಾಯಿತು, ನಾನು ಓಡಿಹೋಗಿ ಇಳಿಸಬೇಕಿತ್ತು, ಅಷ್ಟರಲ್ಲಿ ಅವಳೇ ತಿರುಪು ಸಡಿಲಿಸಿ ಇಳಿಸಿಕೊಂಡಳು, ಉಸಿರು ಎಳೆದುಕೊಂಡಳು, ಆ ಉಸಿರು ಸ್ಪೀಕರಿನಲ್ಲಿ ಗಾಳಿ ಬೀಸಿದ ಹಾಗೆ ಬೀದಿಗೆಲ್ಲ ಕೇಳಿಸಿತು. ಎಲ್ಲರಿಗೂ ನಮಸ್ಕಾರ, ನನ್ನ ದನಿ ಸಣ್ಣದು, ದಯವಿಟ್ಟು ಸ್ವಲ್ಪ ಸುಮ್ನಿದ್ದು ಕೇಳಿ, ಈ ಕಟ್ಟಡ ನಮಗೆ ಎಷ್ಟು ಬೇಕಾಗಿದೆ ಅಂತ ನನಗೆ ಚೆನ್ನಾಗಿ ಗೊತ್ತು, ಆದ್ರೆ ಈ ಕೀ ನಾನು ತಗೊಳ್ಳೋಕೆ ಆಗಲ್ಲ — ಏನಂದಳು, ನನಗೆ ಸರಿಯಾಗಿ ಕೇಳಿಸಿತೇ, ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡೆ — ಕ್ಲಾಸಲ್ಲಿ ಗಡಿಯಾರ ನೇತುಹಾಕೋಣ ಅಂತ ಒಂದು ಮೊಳೆ ಇಟ್ಟು ಒತ್ತಿದೆ, ಸುತ್ತಿಗೆ ಬೇಕಾಗ್ಲಿಲ್ಲ, ಹಿಟ್ಟಿನ ಡಬ್ಬಿಗೆ ಬೆರಳು ಹಾಕಿದ ಹಾಗೆ ಒಳಗೆ ಹೋಯ್ತು, ತೆಗೆದ್ರೆ ಬರೀ ಮರಳು ಸುರೀತು, ಎಲ್ಲಾ ರೂಮಲ್ಲೂ ನೋಡಿದೆ, ಹೊರಗಡೆ ಗೋಡೆಲೂ ನೋಡಿದೆ, ಹಂಗೇ ಇದೆ, ಇಲಾಖೆ ಕಚೇರಿಗೆ ಹೋಗಿ ಹೇಳ್ದೆ, ಉದ್ಘಾಟನೆ ಆಗ್ಲಿ ಮೇಡಂ ಆಮೇಲೆ ನೋಡೋಣ ಅಂದ್ರು, ಆಮೇಲೆ ಅಂದ್ರೆ ಮಕ್ಕಳು ಒಳಗೆ ಕೂತಿರ್ತಾರೆ.

ಕಂಟ್ರಾಕ್ಟರು ನನ್ನ ಕಡೆ ತಿರುಗಿದ, ನನ್ನನ್ನೇ ನೋಡುತ್ತಾ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದ, ಕಟ್ ಮಾಡು, ತುಟಿ ಅಲುಗಿದ್ದು ಕಾಣಿಸಿತು, ಕಟ್ ಮಾಡೋ — ಕೈ ಆಗಲೇ ಗುಂಡಿಯ ಮೇಲಿತ್ತು, ಕೈಗೆ ಅಭ್ಯಾಸ, ಎಷ್ಟು ಜನರ ಮಾತನ್ನು ಈ ಕೈ ಹೀಗೇ ನುಂಗಿಲ್ಲ, ವೈರು ಸಡಿಲ ಆಯ್ತು ಸಾರ್ ಅಂದರೆ ಮುಗಿಯಿತು, ಯಾರೂ ಕೇಳುವುದಿಲ್ಲ, ಮೈಕು ಕೆಡುವುದು ಸಹಜ, ಅಕ್ಕನ ತುಟಿ ಮಾತ್ರ ಅಲುಗುತ್ತಿರುತ್ತದೆ, ಆ ದನಿ ಮೊದಲನೇ ಸಾಲಿಗೂ ಮುಟ್ಟುವುದಿಲ್ಲ, ಅವಳಿಗೂ ಒಳ್ಳೆಯದೇ ಆಗಬಹುದು, ಎಲ್ಲೋ ಮೂಲೆಗೆ ವರ್ಗ ಆಗುವುದು ತಪ್ಪುತ್ತದೆ, ನನ್ನ ಹೊಟ್ಟೆಪಾಡೂ ಉಳಿಯುತ್ತದೆ — ಆದರೆ ಕಿವಿಯಲ್ಲಿ ಅವಳಿದ್ದಾಳೆ, ಇಷ್ಟು ಹತ್ತಿರದಿಂದ ಅವಳ ದನಿಯನ್ನು ನಾನು ಎಂದೂ ಕೇಳಿರಲಿಲ್ಲ, ಸವೆದ ಗಂಟಲು, ಪ್ರತಿ ಮಾತಿನ ತುದಿಯಲ್ಲಿ ಹರಿದ ಬಟ್ಟೆಯ ಅಂಚಿನ ಹಾಗೆ ಒಂದು ಗರಗರ, ಆ ಗರಗರದ ಒಳಗೆ ನಡುಕವೇ ಇಲ್ಲ, ನಾನು ಎಲ್ಲಾ ದೊಡ್ಡವರ ದನಿಯನ್ನೂ ಈ ಹೆಡ್‌ಫೋನಿನಲ್ಲಿ ಕೇಳಿದವನು, ಎಲ್ಲರ ದನಿಯಲ್ಲೂ ಎಲ್ಲೋ ಒಂದು ಕಡೆ ಕೇಳುವವರು ಮೆಚ್ಚಲಿ ಅನ್ನುವ ಆಸೆ ಇರುತ್ತದೆ, ಇದರಲ್ಲಿ ಅದೂ ಇಲ್ಲ, ಬರೀ ಇದ್ದದ್ದು ಇದ್ದ ಹಾಗೆ, ಇವಳು ಯಾರು, ನನಗೆ ತಲೆ ಬಾಚಿದವಳೇ, ಪೆನ್ಸಿಲ್ ಮುರಿದರೆ ಅಳುತ್ತಿದ್ದವಳೇ, ಸರ್ಕಾರ ಎಲ್ಲಿದೆ ಸರ್ಕಾರ ಯಾರು ಅಂತ ಅಡುಗೆಮನೆಯಲ್ಲಿ ಕೂಗುತ್ತಿದ್ದೆನಲ್ಲ, ಇಲ್ಲಿ ನಿಂತಿದೆ, ಗಂಟಲು ಕೆಟ್ಟಿದೆ, ಮೈಕು ತಾನೇ ಇಳಿಸಿಕೊಂಡಿದೆ. ಗುಂಡಿಯನ್ನು ತಿರುಗಿಸಿದೆ, ಬಲಕ್ಕೆ, ಮೆಲ್ಲಗೆ, ಇಷ್ಟು ಸಣ್ಣ ದನಿಯನ್ನು ಒಮ್ಮೆಲೇ ಏರಿಸಿದರೆ ಸೀಟಿ ಹೊಡೆಯುತ್ತದೆ, ಬೇಸ್ ಪೂರ್ತಿ ತೆಗೆದೆ, ಉಳಿದದ್ದನ್ನೆಲ್ಲ ಏರಿಸಿದೆ, ಕಂಟ್ರಾಕ್ಟರನ ಮುಖ ನೋಡಲಿಲ್ಲ, ಸ್ಪೀಕರನ್ನೇ ನೋಡಿದೆ, ಮಕ್ಕಳನ್ನ ಈ ಗೋಡೆ ಕೆಳಗೆ ಕೂರಿಸಿ ನಾನು ಹಾಜರಿ ಕರೆಯಲ್ಲ ಅಂತ ಅಕ್ಕ ಅಂದದ್ದು ಬಸ್ ಸ್ಟ್ಯಾಂಡಿನ ತಗಡಿಗೆ ಬಡಿದು ವಾಪಸು ಬಂತು, ಕರೆಯಲ್ಲ, ರಸ್ತೆಯಲ್ಲಿ ಬಸ್ಸಿಗೆ ನಿಂತವರು ಈ ಕಡೆ ತಿರುಗಿದರು.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದಳು, ಕಂಕುಳಲ್ಲಿ ಮಗು, ವೇದಿಕೆಯ ಪಕ್ಕದ ಗೋಡೆಯ ಹತ್ತಿರ ಹೋದಳು, ಹೆಬ್ಬೆರಳು ಇಟ್ಟು ಒತ್ತಿದಳು, ಹೋಯಿತು, ಹಳದಿ ಬಣ್ಣ ಒಡೆದು ಹೆಬ್ಬೆರಳು ಒಳಗೆ ಹೋಯಿತು, ತೆಗೆದಳು, ಮರಳು ಸುರಿಯಿತು, ಅವಳು ಪಕ್ಕಕ್ಕೆ ಸರಿದು ನಿಂತಳು, ಇನ್ನೊಬ್ಬ ಬಂದ, ಬಸ್ ಡ್ರೈವರಿನ ಖಾಕಿ, ಅವನೂ ಒತ್ತಿದ, ಮುದುಕರೊಬ್ಬರು ಬಂದರು, ತರಕಾರಿ ಅಂಗಡಿಯಾಕೆ ಬಂದಳು, ನೂಕಾಟ ಇಲ್ಲ, ಒಬ್ಬರ ಹಿಂದೆ ಒಬ್ಬರು, ಓಟು ಹಾಕಲು ನಿಂತ ಹಾಗೆ, ಪೊಲೀಸಿನವನು ತಡೆಯಲು ಹೋದವನು ನಿಂತು ನೋಡಿದ, ಆಮೇಲೆ ಅವನೂ ಒತ್ತಿದ, ಮಕ್ಕಳು ಕೆಳಗೆ ಅವರವರ ಎತ್ತರಕ್ಕೆ ಒತ್ತಿದರು, ಕೊನೆಗೆ ಮಂತ್ರಿಗಳು ಇಳಿದು ಬಂದರು, ಉಂಗುರ ತೊಟ್ಟ ಬೆರಳಿನಿಂದ ಒತ್ತಿದರು, ಬೆರಳ ತುದಿಯ ಮರಳನ್ನು ನೋಡುತ್ತಾ ನಿಂತರು, ಆ ಮುಖವನ್ನು ನಾನು ಎಷ್ಟೋ ವೇದಿಕೆಯಲ್ಲಿ ಕಂಡಿದ್ದೇನೆ, ಇಷ್ಟು ಖಾಲಿಯಾಗಿ ಕಂಡಿರಲಿಲ್ಲ, ಕೀಯನ್ನು ಜೇಬಿಗೆ ಹಾಕಿಕೊಂಡರು, ವಾಪಸು ಮೈಕಿಗೆ ಬಂದು, ಇದನ್ನ ಪರೀಕ್ಷೆ ಮಾಡಿಸ್ತೀನಿ, ಸರಿ ಇಲ್ದಿದ್ರೆ ಕೆಡವಿಸ್ತೀನಿ, ಕಟ್ಟಿದವ್ರೇ ಅವರ ಖರ್ಚಲ್ಲಿ ಮತ್ತೆ ಕಟ್ಬೇಕು ಅಂದರು, ಅದೂ ಬಸ್ ಸ್ಟ್ಯಾಂಡಿನವರೆಗೆ ಹೋಯಿತು. ಮಾಡಿಸುತ್ತಾರೋ ಬಿಡುತ್ತಾರೋ, ನನಗೆ ಇಂಥ ಮಾತು ಹೊಸದಲ್ಲ, ಆದರೆ ಊರೆಲ್ಲ ಕೇಳಿದೆ, ಊರ ಬೆರಳಿಗೆಲ್ಲ ಮರಳು ಅಂಟಿದೆ, ಅದನ್ನು ಕೇಳಿಲ್ಲ ಕಂಡಿಲ್ಲ ಅನ್ನುವುದು ಯಾರಿಂದಲೂ ಆಗದು.

ಕುರ್ಚಿಗಳು ಖಾಲಿ, ವೈರು ಸುತ್ತುತ್ತಿದ್ದೇನೆ, ಮೊಣಕೈಗೂ ಹೆಬ್ಬೆರಳಿಗೂ, ಮೊಣಕೈಗೂ ಹೆಬ್ಬೆರಳಿಗೂ, ಕಂಟ್ರಾಕ್ಟರು ಕಾರು ಹತ್ತುವ ಮೊದಲು ಹತ್ತಿರ ಬಂದು, ಇನ್ಮೇಲೆ ನಿನ್ನ ಸೆಟ್ಟು ನಿನ್ನ ಮನೇಲೇ ಇಟ್ಕೊ ಅಂದ, ಆಗಲಿ ಸಾರ್ ಅಂದೆ, ಹೆಂಡತಿಗೆ ಏನು ಹೇಳಲಿ, ಅಡುಗೆಮನೆ ಭಾಷಣ ಮುಗೀತು ಅನ್ನಲೇ. ಅಕ್ಕ ಬಂದಳು, ನೀರು ಕುಡಿದಳು, ಯಾಕೋ ಅಷ್ಟು ಜೋರು ಇಟ್ಟೆ, ನನ್ನ ಕಿವೀನೇ ನೋಯ್ತು ಅಂದಳು, ನಿನ್ನ ಎತ್ತಂಗಡಿ ಮಾಡ್ತಾರೆ ಅಕ್ಕ ಅಂದೆ, ಮಾಡ್ಲಿ ಬಿಡು, ಅಲ್ಲೂ ಒಂದು ಸ್ಕೂಲಿರುತ್ತೆ, ಅಲ್ಲೂ ಗೋಡೆ ಇರ್ತವೆ, ಮಧ್ಯಾಹ್ನದ ಪಾಠ ಇದೆ ಬರ್ತೀನಿ ಅಂದು ಮಕ್ಕಳ ಸಾಲು ಕಟ್ಟಿಸಿಕೊಂಡು ಗೋದಾಮಿನ ಕಡೆಗೇ ಹೊರಟಳು, ಅದೇ ತಗಡಿನ ಮಾಡು, ಅದೇ ಬೆನ್ನಿಗೆ ಬೆನ್ನು, ನಾಳೆಯೂ ಕೂಗಬೇಕು ಅವಳು, ನಾಡಿದ್ದೂ — ಹೋಗುವುದನ್ನೇ ನೋಡುತ್ತಾ ನಿಂತೆ, ಇಂಥವಳ ಜೊತೆ ಒಂದೇ ಚಾಪೆಯಲ್ಲಿ ಮಲಗಿ ಬೆಳೆದೆನೇ, ಗೊತ್ತೇ ಇರಲಿಲ್ಲವೇ ನನಗೆ, ವೈರು ಕೈಯಿಂದ ಜಾರಿತು, ಎತ್ತಿಕೊಳ್ಳಲು ಬಗ್ಗಿದರೆ ಎದುರಿಗೆ ಆ ಗೋಡೆ, ಬಿಸಿಲು ಓರೆಯಾಗಿ ಬಿದ್ದು ಒಂದೊಂದು ತೂತಿಗೂ ಒಂದೊಂದು ನೆರಳು, ಡ್ರೈವರಿನದು ಮೇಲೆ, ತಾಯಿಯದು ಮಧ್ಯೆ, ಉಂಗುರದ ಗೀರಿರುವುದು ಮಂತ್ರಿಗಳದು, ಕೆಳಗೆ, ಮೊಣಕಾಲಿನ ಎತ್ತರಕ್ಕೆ, ತೀರಾ ಸಣ್ಣ ಬೆರಳಿನದೊಂದು, ಅದರಿಂದ ಮರಳು ಸುರಿಯುತ್ತಿದೆ, ದಾರದಷ್ಟು ಸಣ್ಣಗೆ, ಸದ್ದಿಲ್ಲದೆ, ಇನ್ನೂ ಸುರಿಯುತ್ತಿದೆ, ಆ ಸಣ್ಣ ಬೆರಳಿನ ತೂತು, ಮರಳು, ಇನ್ನೂ —