ಪ್ರಣಿತಾ ಮ್ಯಾಡಮ್ಮರ ಎಲಿವೇಶನ್

ಸೊಲ್ಲಾಪುರದ ಚಾದರ ವ್ಯಾಪಾರಿ ಸಿದ್ದರಾಮಪ್ಪನವರ ಮಗ ಅವಿನಾಶ ಹಿಮಾಚಲಕ್ಕೆ ಹೋಗಿ ಬಂದ ಮೇಲೆ ಅಂಗಡಿಯಲ್ಲಿ ಕೂರಲಾರದವನಾದ. ಅಲ್ಲಿ ಅವನು ಇಳಿದುಕೊಂಡಿದ್ದ ರಿಸಾರ್ಟನ್ನು ಆ ಬೆಟ್ಟದ ಜನರ ಮನೆಗಳಂತೆಯೇ ಕಲ್ಲು, ಕಟ್ಟಿಗೆಯಿಂದ ಕಟ್ಟಿದ್ದರಂತೆ. ಅಂಥದ್ದೊಂದನ್ನು ತಾನೂ ಕಟ್ಟಬೇಕೆಂದು ಹಟ ಹಿಡಿದ. ಸೊಲ್ಲಾಪುರದ ಸುತ್ತ ಬೆಟ್ಟವೇ ಇಲ್ಲ ಎಂಬುದೊಂದು ಸಣ್ಣ ಅಡಚಣೆಯಿತ್ತು. ಅದನ್ನು ನಿವಾರಿಸಿದವರು ತಾಯಿ ಕಸ್ತೂರಬಾಯಿ. ಅಕ್ಕಲಕೋಟ ತಾಲೂಕಿನ ತವರೂರಿನಲ್ಲಿ ಅವರ ಪಾಲಿಗೆ ಬಂದದ್ದು ಒಂದು ಕಲ್ಲುದಿಬ್ಬ. ಜೋಳ ಬೆಳೆಯದ, ಆಡು ಮೇಯುವ ಜಾಗ. ಊರವರು ಅದನ್ನು ಗುಡ್ಡ ಎನ್ನುತ್ತಿದ್ದರು. ಏರಿದವರಿಗೆ ಏದುಸಿರು ಮಾತ್ರ ಬರುತ್ತಿರಲಿಲ್ಲ.

ಅವಿನಾಶ ನಕ್ಷೆಗೆಂದು ಪ್ರಣಿತಾಳನ್ನು ಕರೆಸಿದ. ಪ್ರಣಿತಾ ವಿಜಾಪುರ ರಸ್ತೆಯ ಕಿರಾಣಿ ವ್ಯಾಪಾರಿಯ ಮಗಳು. ಪುಣೆಯಲ್ಲಿ ಆರ್ಕಿಟೆಕ್ಚರ್ ಓದಿ ಅಲ್ಲೇ ಆಫೀಸು ತೆರೆದಿದ್ದಳು. ಮನೆಮಾತು ಕನ್ನಡ, ಓದು ಬರಹವೆಲ್ಲ ಮರಾಠಿ, ಇಂಗ್ಲಿಷು. ಕೈಮಗ್ಗದ ಕುರ್ತಾ ತೊಟ್ಟು, ಬೆಳ್ಳಿಯ ದೊಡ್ಡ ಮೂಗುತಿ ಇಟ್ಟುಕೊಂಡಿದ್ದಳು. ಸಿಮೆಂಟ್ ಎಂಬ ಶಬ್ದವನ್ನು ಬೈಗುಳದಂತೆ ಉಚ್ಚರಿಸುತ್ತಿದ್ದಳು.

ದಿಬ್ಬದ ಮೇಲೆ ನಿಂತು ಕಣ್ಣು ಮುಚ್ಚಿ, "ಗುಡ್ಡ ಅಂದ್ರ ಎತ್ತರ ಅಲ್ಲ ಅವಿನಾಶ, ಅದೊಂದು ಭಾವನಾ" ಎಂದಳು.

ಅವಿನಾಶನ ಮೈ ಜುಮ್ಮೆಂದಿತು. 'ಗಿರಿವಾಡಾ ಮೌಂಟನ್ ರಿಸಾರ್ಟ್' ಎಂಬ ಹೆಸರು ಅಲ್ಲೇ ಹುಟ್ಟಿತು. ಭಾವನೆಗೆ ಸ್ವಲ್ಪ ಸಹಾಯವಾಗಲೆಂದು ಮುಂದೆ ಲಾರಿಗಟ್ಟಲೆ ಮುರುಮು ಸುರಿಸಿ ದಿಬ್ಬವನ್ನು ಒಂದಾಳು ಎತ್ತರಿಸಿದ್ದೂ ಆಯಿತು.

ಇನ್ನು ಸ್ಥಳೀಯ ವಾಸ್ತುಶಿಲ್ಪ ಹುಡುಕಬೇಕಿತ್ತು. ಅದು ದೂರವೇನೂ ಇರಲಿಲ್ಲ. ದಿಬ್ಬದ ಕೆಳಗೇ ಕಸ್ತೂರಬಾಯಿಯ ಅಣ್ಣ ಕಲ್ಯಾಣಪ್ಪನ ಮನೆಯಿತ್ತು. ಕೈಚಾಚಿದರೂ ಅಳತೆಗೆ ಸಿಗದಷ್ಟು ದಪ್ಪ ಮಣ್ಣಿನ ಗೋಡೆಗಳು, ತೇಗದ ಕಂಬ, ಮೇಲೆ ಜಂತಿ ಹಾಸಿ ಮಣ್ಣು ಮುಚ್ಚಿದ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ತಲೆಬಾಗಿಲು ದಾಟಿದರೆ ಮೊದಲು ಕಾಣುವುದು ಕಟ್ಟಿದ ಎತ್ತು, ಆಕಳು. ಅದರಾಚೆ ಮನುಷ್ಯರ ಪಡಸಾಲೆ.

ಪ್ರಣಿತಾ ಗೋಡೆಗೆ ಕೆನ್ನೆ ಒತ್ತಿ ನಿಂತಳು. "ಎಷ್ಟ ಥಂಡ ಅದ! ಕಾಕಾ, ನೀವು ಭಾಗ್ಯವಂತರು."

"ಮುಂದಿನ ತಿಂಗಳ ಕೆಡವಾಕತ್ತೀವ್ರಿ," ಎಂದ ಕಲ್ಯಾಣಪ್ಪ.

ಅವಳಿಗೆ ಗೋಡೆಯೇ ಮೈಮೇಲೆ ಬಿದ್ದಂತಾಯಿತು. ಇದು ವಾರಸಾ, ಹಿರಿಯರು ಬಿಟ್ಟುಹೋದ ಆಸ್ತಿ, ಇದನ್ನು ಕೆಡವುವುದು ಪಾಪ ಎಂದು ಬಹಳ ಹೊತ್ತು ಹೇಳಿದಳು. ಚಹಾ ತಂದ ಕಲ್ಯಾಣಪ್ಪನ ಸೊಸೆ ನಂದಾ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

"ಮ್ಯಾಡಮ್, ಪುಣ್ಯಾ ಶಹರದಾಗ ನಿಮ್ಮ ಮನಿ ಮಣ್ಣಿಂದೇನ್ರಿ?"

"ಇಲ್ಲ... ಅದು ಫ್ಲಾಟ್."

"ಹಂಗಾರ ಬದಲಿ ಮಾಡೂಣ ಬರ್ರಿ. ನೀವು ಇಲ್ಲಿ ಇರ್ರಿ, ನಾ ಅಲ್ಲಿ ಇರ್ತೀನಿ."

ಜೊತೆಗೆ ಬಂದಿದ್ದ ಕಸ್ತೂರಬಾಯಿ ನಕ್ಕರು. "ಈ ಮನ್ಯಾಗ ಹುಟ್ಟಿ ಬೆಳದಾಕಿ ನಾ. ಮ್ಯಾಲಿಂದ ಚೇಳು ಬೀಳ್ತಿದ್ದು ನೋಡವಾ. ಲಗ್ನ ಆಗಿ ಸ್ಲ್ಯಾಬಿನ ಮನಿ ಕಂಡ ಮ್ಯಾಲ ನನಗ ನಿದ್ದಿ ಬಂತು."

ಚೇಳಿನ ಮಾತನ್ನು ಪ್ರಣಿತಾ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಕಣ್ಣೆಲ್ಲ ಕಂಬಗಳ ಮೇಲಿತ್ತು. ಕೆಡವುವುದೇ ಆದರೆ ಕಂಬ, ತೊಲೆ, ಬಾಗಿಲು, ಜಂತಿ ಎಲ್ಲವನ್ನೂ ಗಿರಿವಾಡಾಕ್ಕೆ ಕೊಡಿ ಎಂದು ಬೇಡಿದಳು. ಕಲ್ಯಾಣಪ್ಪ ಮೀಸೆ ತಿರುವಿದ. ಸೋದರಳಿಯನಿಂದ ರೊಕ್ಕ ತೆಗೆದುಕೊಳ್ಳುವುದು ಅವನ ಮರ್ಯಾದೆಗೆ ಕಡಿಮೆ. ಆದರೆ ಬೇರೊಂದು ಆಸೆಯಿತ್ತು.

"ಕೊಡ್ತೀನ್ರಿ. ಫಕ್ತ ಒಂದ ಮಾತು, ನನ್ನ ಹೊಸಾ ಮನಿ ಎಲಿವೇಶನ್, ಅಂದ್ರ ಮುಂದಿನ ಮಾರಿ ನಕ್ಷಾ, ನೀವ ತಗದ ಕೊಡಬೇಕು. ಪುಣ್ಯಾ ಹೈವೇ ಮ್ಯಾಲ ಹೊಟೆಲ್ ಇರ್ತಾವಲ್ಲ, ಬರೋಬರ ಹಂಗ."

ಪ್ರಣಿತಾ ಅವಿನಾಶನ ಮುಖ ನೋಡಿದಳು. ಅವಿನಾಶ ಆಕಳ ಮುಖ ನೋಡಿದ. ಬೇರೆ ದಾರಿ ಇರಲಿಲ್ಲ.

ಹೀಗೆ ಎರಡೂ ಕಟ್ಟಡಗಳ ಕೆಲಸ ಒಟ್ಟಿಗೇ ನಡೆಯಿತು. ಬೆಳಿಗ್ಗೆ ದಿಬ್ಬದ ಮೇಲೆ ಪ್ರಣಿತಾ ಸಗಣಿ, ಹೊಟ್ಟು, ಮಣ್ಣಿನ ಹದ ನೋಡುತ್ತಿದ್ದಳು. ಸಂಜೆ ಕೆಳಗೆ ನಂದಾಳ ಮೊಬೈಲಿನಲ್ಲಿದ್ದ ಚಿತ್ರಗಳನ್ನು ನೋಡುತ್ತಿದ್ದಳು. ಮುಂಭಾಗಕ್ಕೆಲ್ಲ ನೀಲಿ ಗಾಜು, ಬಂಗಾರದ ಬಣ್ಣದ ತಲೆಯ ಕಂಬಗಳು, ದುಂಡು ಬಾಲ್ಕನಿ, ತುದಿಯಲ್ಲೊಂದು ಶಿಖರ. ಒಂದು ಗೋಡೆಯನ್ನಾದರೂ ಬಣ್ಣ ಬಳಿಯದೆ ಇದ್ದಂತೆ ಬಿಡಿ ಎಂದು ಪ್ರಣಿತಾ ಕೇಳಿಕೊಂಡಳು. ಅದಕ್ಕೆ ನಂದಾ ನೇರಳೆ ಬಣ್ಣ ಆರಿಸಿದಳು. ಈ ನಕ್ಷೆಯನ್ನು ಪ್ರಣಿತಾ ಆಫೀಸಿನಲ್ಲಿ ಯಾರಿಗೂ ತೋರಿಸಲಿಲ್ಲ.

ದಿಬ್ಬದ ಮೇಲೂ ಎಲ್ಲ ಅಂದುಕೊಂಡಂತೆ ಆಗಲಿಲ್ಲ. ಕೋಣೆಗಳಿಗೆ ಎಸಿ ಬೇಕೇ ಬೇಕು ಎಂದು ಸಿದ್ದರಾಮಪ್ಪನವರು ಕೂತುಬಿಟ್ಟರು. ಎಸಿಗಳನ್ನು ಬಿದಿರಿನ ಬುಟ್ಟಿಗಳಲ್ಲಿ ಅಡಗಿಸಿದರು. ರಿಸೆಪ್ಶನ್ನಿನಲ್ಲಿ, ಹಳೆಯ ಮನೆಯಂತೆಯೇ, ಎರಡು ಆಕಳು ಕಟ್ಟಿದರು; ವಾಸನೆಗೆಂದು ಊದುಬತ್ತಿ ಹಚ್ಚಿದರು. ಊದುಬತ್ತಿಗೆ ಆಕಳು ಸೀನತೊಡಗಿದವು. ಕಲ್ಯಾಣಪ್ಪನ ಜಂತಿಗಳ ಮೇಲೆ ನಿಜವಾದ ಮಣ್ಣಿನ ಮಾಳಿಗೆಯೇ ಎದ್ದಿತು. ಅದು ಬೋಳುಬೋಳಾಗಿ ಕಾಣುತ್ತದೆಂದು ಪ್ರಣಿತಾ ಮೇಲೆ ಹುಲ್ಲು, ಹೂಗಿಡ ನೆಡಿಸಿ ದಿನಾ ಪೈಪಿನಿಂದ ನೀರು ಬಿಡಿಸಿದಳು. ಅದನ್ನು ನೋಡಿ ಕಸ್ತೂರಬಾಯಿ ಬೆರಗಾದರು.

"ಮಾಳಗಿ ಮ್ಯಾಲ ನೀರು ನಿಂದರಬಾರದಂತ ನಮ್ಮಪ್ಪ ಮಳ್ಯಾಗ ಸಲಿಕಿ ಹಿಡದ ಓಡಾಡ್ತಿದ್ದ. ನೀವು ನೋಡಿದ್ರ ಕುಡಸಾಕತ್ತೀರಿ."

"ಕಾಕು, ಇದು ಗ್ರೀನ್ ರೂಫ್," ಎಂದಳು ಪ್ರಣಿತಾ ಸಮಾಧಾನದಿಂದ.

ಉದ್ಘಾಟನೆ ಹಸ್ತ ಮಳೆಯಲ್ಲಿ ಬಂತು. ಪುಣೆಯ ವಾಸ್ತುಶಿಲ್ಪ ಮಾಸಪತ್ರಿಕೆಯೊಂದರ ಸಂಪಾದಕಿ ತಮ್ಮ ಫೋಟೊಗ್ರಾಫರನೊಂದಿಗೆ ಬಂದಿದ್ದರು. ಸೊಲ್ಲಾಪುರದ ವ್ಯಾಪಾರಿಗಳೂ ಕುಟುಂಬಸಮೇತ ನೆರೆದಿದ್ದರು. ಸಂಪಾದಕಿ ಮಣ್ಣಿನ ಗೋಡೆ ಮುಟ್ಟಿ ಕಣ್ಣು ತೇವ ಮಾಡಿಕೊಂಡರು. ಪ್ರಣಿತಾಳಿಗೆ ಎದೆ ತುಂಬಿ ಬಂತು. ಇಷ್ಟು ವರ್ಷ ಫ್ಲಾಟುಗಳ ಬಚ್ಚಲು, ಬಾಲ್ಕನಿ ಬರೆದು ಸವೆದವಳು ಅವಳು. ಇವತ್ತಿಗಾಗಿಯೇ ಕಾದಿದ್ದಳು.

ಊಟಕ್ಕೆ ಕೂತಾಗ ಮಳೆ ಹಿಡಿಯಿತು. ಶೇಂಗಾದ ಹೋಳಿಗೆ ಬಡಿಸುವ ಹೊತ್ತಿಗೆ ಬಿರುಸಾಯಿತು. ಮೊದಲ ಹನಿ ಬಿದ್ದದ್ದು ಸಂಪಾದಕಿಯ ತುಪ್ಪದ ಮೇಲೆ, ಚಹಾದ ಬಣ್ಣದ್ದು. ಆಮೇಲೆ ಹನಿಯಲ್ಲ, ಧಾರೆ. ಹಾಸಿಗೆಯ ಬಿಳಿ ಚಾದರಗಳ ಮೇಲೆ ಕೆಸರಿನ ನಕಾಶೆ ಮೂಡಿತು. ಬುಟ್ಟಿಯೊಳಗಿನ ಎಸಿ ಚಟಚಟ ಅಂದು ಆರಿತು. ಹುಲ್ಲಿನ ಸಮೇತ ಮಾಳಿಗೆಯ ಒಂದು ಮೂಲೆ ಧೊಪ್ಪನೆ ಬಿದ್ದಾಗ ಎರಡೂ ಆಕಳು ಕಣ್ಣಿ ಕಿತ್ತುಕೊಂಡು ದಿಬ್ಬ ಇಳಿದವು. ಅತಿಥಿಗಳು ಅವುಗಳ ಹಿಂದೆಯೇ ಓಡಿದರು.

ಆಕಳು ಹೋಗಿ ನಿಂತದ್ದು ಕಲ್ಯಾಣಪ್ಪನ ಹೊಸ ಮನೆಯ ಮುಂದೆ. "ಬರ್ರಿ, ಒಳಗ ಬರ್ರಿ, ಚಪ್ಪಲ್ ತಗೀಬ್ಯಾಡ್ರಿ" ಎಂದು ನಂದಾ ಎಲ್ಲರನ್ನೂ ಕರೆದಳು. ಪ್ಲಾಸ್ಟಿಕ್ ಹೊದಿಕೆ ತೆಗೆಯದ ಸೋಫಾಗಳ ಮೇಲೆ ವ್ಯಾಪಾರಿಗಳು ಕೂತು ನಿಟ್ಟುಸಿರು ಬಿಟ್ಟರು. ಒಂದು ಹನಿ ಸೋರಲಿಲ್ಲ. "ಮನಿ ಅಂದ್ರ ಹಿಂಗ ಇರಬೇಕು" ಎಂದರು ಸ್ವತಃ ಸಿದ್ದರಾಮಪ್ಪನವರು, ಮಗ ಎದುರಿಗೇ ಇದ್ದರೂ.

ಸಂಪಾದಕಿ ಮಾತ್ರ ಒಳಗೆ ಬರದೆ ಬಾಗಿಲಲ್ಲೇ ನಿಂತಿದ್ದರು. ಬಾಗಿಲ ಪಕ್ಕದ ಕಂಬದಲ್ಲಿ ಹೊಳೆಯುವ ಕರಿ ಗ್ರಾನೈಟಿತ್ತು. 'ಕಲ್ಯಾಣ ಪ್ಯಾಲೇಸ್' ಎಂದು ಬಂಗಾರದ ಅಕ್ಷರ. ಕೆಳಗೆ, ಅಷ್ಟೇ ದೊಡ್ಡದಾಗಿ, 'ಆರ್ಕಿಟೆಕ್ಟ್ ಪ್ರಣಿತಾ ಮ್ಯಾಡಮ್, ಪುಣೆ.'

"ಇದೂ ನೀವೇನಾ?" ಎಂದು ಮರಾಠಿಯಲ್ಲಿ ಕೇಳಿದರು.

ಪ್ರಣಿತಾಳ ಕುರ್ತಾದಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಅಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಕಲ್ಯಾಣಪ್ಪ ಅಡ್ಡ ಬಂದ.

"ಇವರದ ರೀ! ಒಂದೊಂದ ಗೆರಿ ಇವರದ. ಫೋಟೋ ಹೊಡ್ಕೋರಿ, ಶಿಖರಾ ಬರೋ ಹಂಗ ಹೊಡ್ಕೋರಿ."

ಫೋಟೊಗ್ರಾಫರ್ ಹೊಡೆದುಕೊಂಡ. ಮಾಸಪತ್ರಿಕೆಯಲ್ಲಿ ಅದೂ ಬರಲಿಲ್ಲ, ಗಿರಿವಾಡಾ ಕೂಡ ಬರಲಿಲ್ಲ. ಪ್ರಣಿತಾ ಕಾರಿನಲ್ಲಿ ಕೂತು ಅತ್ತಳು. ಕಸ್ತೂರಬಾಯಿ ಪಕ್ಕದಲ್ಲಿ ಕೂತು ಅವಳ ತಲೆ ಒರೆಸಿದರು. ಸಂತೈಸುವ ಮಾತು ಹೊಳೆಯದೆ, "ಚೇಳಂತೂ ಬೀಳಲಿಲ್ಲಲ್ಲವಾ" ಎಂದರು.

ಅವಿನಾಶ ದೀಪಾವಳಿಯೊಳಗೆ ಸ್ಲ್ಯಾಬ್ ಹಾಕಿಸಿದ. ಕಲ್ಯಾಣಪ್ಪನ ತೊಲೆ, ಜಂತಿಗಳನ್ನು ಅದರ ಕೆಳಗೆ ತಂತಿಯಿಂದ ತೂಗುಬಿಟ್ಟ. ಈಗ ಗಿರಿವಾಡಾದಲ್ಲಿ ಮದುವೆಗೆ ಮುಂಚಿನ ಫೋಟೊಶೂಟು, ಅರಿಷಿಣದ ಕಾರ್ಯಕ್ರಮ ಚೆನ್ನಾಗಿ ನಡೆಯುತ್ತವೆ. ರಾತ್ರಿ ಅಲ್ಲಿ ಉಳಿಯುವವರು ಕಡಿಮೆ.

ಪ್ರಣಿತಾಳಿಗೆ ಮೊದಲ ಫೋನು ಬಂದದ್ದು ಸಲಗರ ಬುದ್ರುಕದಿಂದ. ಮಾತಾಡಿದವರು ಕಲ್ಯಾಣಪ್ಪನ ಬೀಗರಂತೆ; ಅವರಿಗೆ ಅವನ ಮನೆಯಂಥದ್ದೇ ಬೇಕು, ಶಿಖರ ಮಾತ್ರ ಅವನದಕ್ಕಿಂತ ಎತ್ತರ. ಆಗುವುದಿಲ್ಲ ಎಂದು ಫೋನು ಇಟ್ಟಳು. ಹುಲಜಂತಿ ಎಂಬ ಊರಿನಿಂದ ಒಬ್ಬರು ನೇರ ಪುಣೆಯ ಆಫೀಸಿಗೇ ಬಂದರು. ಅವರಿಗೂ ಇಲ್ಲವೆಂದಳು. ಅವರು ಹೋಗಲಿಲ್ಲ, ಸಂಜೆಯವರೆಗೆ ಕೂತರು. ಅವಳ ಮೇಜಿನ ಮೇಲೆ ಯಾವುದೋ ಬಿಲ್ಡರನ ಬಚ್ಚಲುಗಳ ನಕ್ಷೆ ಹರಡಿತ್ತು.

"ಏನ ಬೇಕು ಹೇಳ್ರಿ ಕಾಕಾ," ಎಂದಳು ಕೊನೆಗೆ.

"ನಿಮ್ಮ ಮನಸಿಗೆ ಬಂದಂಗ ಮಾಡ್ರಿ ಮ್ಯಾಡಮ್. ಗಾಜು ಫಕ್ತ ಹಸರು ಇರಲಿ."

ಇಷ್ಟು ವರ್ಷದಲ್ಲಿ, ಮನಸ್ಸಿಗೆ ಬಂದಂತೆ ಮಾಡು ಎಂದು ಅವಳಿಗೆ ಹೇಳಿದ ಮೊದಲ ಗಿರಾಕಿ ಅವರು. ಪ್ರಣಿತಾ ಬಚ್ಚಲುಗಳನ್ನು ಬದಿಗೆ ಸರಿಸಿ, ಸೈಟಿನ ಮುಖ ಯಾವ ದಿಕ್ಕಿಗಿದೆ ಎಂದು ಕೇಳಿದಳು.