ಹನ್ನೆರಡನೇ ಲೋಟ

"ಇದೇನ್ರೀ ಬಡಗಿಗಳೇ, ನಲ್ಲೀಲಿ ಹಿಡ್ಕೊಂಡು ಬಂದ್ರಾ?" ನರ್ಸಮ್ಮ ಪ್ಲಾಸ್ಟಿಕ್ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು.

ಬಡಗಿ ಅರ್ಧ ನಕ್ಕ. ಮೂತ್ರ ಅವನದೇ, ಬಾಗಿಲಾಚೆ ಕಾವಲಿನವನು ಕೆಮ್ಮುತ್ತ ನಿಂತಿದ್ದಾಗಲೇ ಹಿಡಿದದ್ದು. ಆದರೆ ಬೆಳಗಿನಿಂದ ಅರ್ಧ ಬಿಂದಿಗೆ ನೀರು ಅವನ ಹೊಟ್ಟೆ ಸೇರಿತ್ತು.

"ಬೆಚ್ಚಗಿದೆ, ನಿಮ್ದೇ ಬಿಡಿ. ಆದ್ರೆ ಬರೀ ನೀರು. ಇದ್ರಲ್ಲಿ ಕೊಕೇನ್ ಇದ್ರೂ ಕಾಣಲ್ಲ, ಇಲ್ಲ ಅಂತ ತೋರಿಸಿದ್ರೂ ನಂಬೋಕಾಗಲ್ಲ."

ಮೇಜಿನ ಮೇಲೆ ಚೀಟಿಗಳು ತುಂಬಿದ ಗಾಜಿನ ಬೋಗುಣಿ ಇತ್ತು. ಚಟ ಬಿಡಿಸುವ ಈ ಕೇಂದ್ರದಲ್ಲಿ ವಾರಕ್ಕೆರಡು ಪರೀಕ್ಷೆ. ಮೂತ್ರದಲ್ಲಿ ಏನೂ ಸಿಗದಿದ್ದರೆ ಮೊದಲ ಸಲ ಒಂದು ಚೀಟಿ ಎತ್ತಬಹುದು, ಎರಡನೇ ಸಲ ಎರಡು. ನಡುವೆ ಒಮ್ಮೆ ತಪ್ಪಿದರೆ ಮತ್ತೆ ಒಂದರಿಂದ. ಅವನು ಹನ್ನೊಂದು ದಾಟಿದ್ದ. ಸೋಪು, ಟವಲು, ಒಂದು ಛತ್ರಿ ಗೆದ್ದು ತಂದು ಅಕ್ಕನ ಕೈಗಿಟ್ಟಿದ್ದ. ಬಹಳಷ್ಟು ಚೀಟಿಗಳಲ್ಲಿ 'ಶಭಾಷ್' ಎಂದಷ್ಟೇ ಇರುತ್ತಿತ್ತು. ಅಕ್ಕ ಅವನ್ನೂ ಎಸೆಯದೆ ಸಕ್ಕರೆ ಡಬ್ಬದ ಹಿಂದೆ ಕೂಡಿಟ್ಟಿದ್ದಳು.

"ಐದು ಗಂಟೆಯೊಳಗೆ ಇನ್ನೊಂದು ಸಲ ಕೊಡಿ. ಗಂಟಲು ಒಣಗಿದ್ರೆ ಒಂದು ಗುಟುಕು, ಅಷ್ಟೇ. ಬರದಿದ್ರೆ ಒಂದಕ್ಕೆ ಇಳಿಸ್ಬೇಕಾಗತ್ತೆ." ನರ್ಸಮ್ಮ ದನಿ ತಗ್ಗಿಸಿದಳು. "ತಗೊಂಡ್ರಾ?"

"ಗೊತ್ತಿಲ್ಲ."

ಅವಳು ಪೆನ್ನು ಕೆಳಗಿಟ್ಟಳು. "ಹೂಂ ಅಂದೋರ್ನ ನೋಡಿದೀನಿ. ಆಣೆ ಮಾಡಿ ಇಲ್ಲ ಅನ್ನೋರ್ನ ದಿನಾ ನೋಡ್ತೀನಿ. ಗೊತ್ತಿಲ್ಲ ಅಂದ ಗಿರಾಕಿ ನೀವೇ ಮೊದಲು."

ಅವನು ಸುಳ್ಳು ಹೇಳಿರಲಿಲ್ಲ. ನಿನ್ನೆ ಮಧ್ಯಾಹ್ನ ಉಂಡು ಚಾಪೆಯ ಮೇಲೆ ಒರಗಿದ್ದ. ಮರದ ಅಡ್ಡೆಯ ಹಿಂದೆ, ಮುಂಚೆ ಪುಡಿ ತಂದುಕೊಡುತ್ತಿದ್ದ ಲಾರಿ ಡ್ರೈವರು ಕಾಗದ ಬಿಡಿಸಿ ಹಿಡಿದಿದ್ದ, ಇವನು ಬಗ್ಗಿದ, ಒಸಡು ಜೋಮು ಹಿಡಿದು ಗಂಟಲಲ್ಲಿ ಕಹಿ ಇಳಿಯಿತು. ಕಣ್ಣು ಬಿಟ್ಟಾಗ ಚಾಪೆಯ ಮೇಲೇ ಇದ್ದ, ಎದೆ ಹೊಡೆದುಕೊಳ್ಳುತ್ತಿತ್ತು. ಕನಸು ಎಂದುಕೊಂಡು ಎದ್ದು ಬಾಗಿಲಿಗೆ ಬಂದರೆ, ಗೋಡೆಗೆ ಒತ್ತಿ ಜೋಡಿಸಿಟ್ಟಿದ್ದ ಅವನ ಚಪ್ಪಲಿಗಳು ದಿಕ್ಕಿಗೊಂದಾಗಿ ಬಿದ್ದಿದ್ದವು. ಒದ್ದೆ. ಅಂಚಿಗೆ ಕೆಸರು. ಬೆಳಗಿನಿಂದ ಅವನು ಹೊಸ್ತಿಲು ದಾಟಿರಲಿಲ್ಲ. ದಾಟಿದ್ದನೇ? ಅಕ್ಕನನ್ನು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಅವಳ ಮುಖ ಆರು ವಾರದ ಹಿಂದಿನಂತೆ ಆಗಿಬಿಡುತ್ತದೆ. ಹಲಗೆಯನ್ನು ಎರಡೆರಡು ಸಲ ಅಳೆಯದೆ ಗರಗಸ ಮುಟ್ಟದವನು ಅವನು. ಇದನ್ನು ಎಲ್ಲಿಂದ ಅಳೆಯುವುದು? ಕೊನೆಗೆ, ಜಿಡ್ಡು ಹಿಡಿದ ಪಾತ್ರೆ ತೊಳೆಯುವವನ ಹಾಗೆ, ನೀರು ಕುಡಿದಿದ್ದ.

ಮನೆಯಲ್ಲಿ ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು. "ಏನೋ, ಹನ್ನೆರಡು ಚೀಟೀಲಿ ಒಂದಾದ್ರೂ ಕುಕ್ಕರ್ ಬಂತಾ? ಇಲ್ಲ, ಇವತ್ತೂ ಬರೀ ಶಭಾಷೇನಾ?"

"ಸಂಜೆ ಮತ್ತೆ ಬಾ ಅಂದಿದಾರೆ."

"ಯಾಕೆ?"

"ಲೋಟದಲ್ಲಿ ನೀರು ಜಾಸ್ತಿ ಆಯ್ತಂತೆ."

ಅವಳ ಕೈ ಅಂಗಿಯ ಕಾಲರಿನ ಮೇಲೆ ನಿಂತಿತು. ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದಳು.

ಬೀದಿಯ ನಲ್ಲಿ ಗೊರಗೊರ ಎಂದಿತು. "ನೀರು ಬಂತು," ಎನ್ನುತ್ತ ಅವಳು ಬಿಂದಿಗೆ ಎತ್ತಿಕೊಂಡು ಓಡಿದಳು. ನಾಲ್ಕು ಹೆಜ್ಜೆಗೊಮ್ಮೆ, ಅಳತೆಗೆ ದೊಡ್ಡದಾಗಿ ಜಾರುವ ಚಪ್ಪಲಿಯನ್ನು ಎಳೆದುಕೊಳ್ಳುತ್ತ ಅವಳು ಮರಳಿದಾಗಲೇ ಅವನು ಅವಳ ಕಾಲನ್ನು ಗಮನಿಸಿದ್ದು. ತುಳುಕಿದ ನೀರು ಅವಳ ಕಾಲ ಮೇಲೆ ಸುರಿಯುತ್ತಿತ್ತು. ಹೊಸ್ತಿಲಲ್ಲಿ ಚಪ್ಪಲಿ ಝಾಡಿಸಿ ಬಿಟ್ಟಳು. ಒಂದು ಇತ್ತ, ಒಂದು ಅತ್ತ.

"ಏನು ಹಾಗೆ ನೋಡ್ತೀಯ? ನಂದು ಕಿತ್ತೋಗಿ ನಾಲ್ಕು ದಿನ ಆಯ್ತು. ಎರಡು ಬಿಂದಿಗೆ ನೀರಿಗೆ ಸವೆದು ಹೋಗಲ್ಲಪ್ಪ ನಿನ್ನ ಚಪ್ಪಲಿ!"

ಅವನ ನಾಲಿಗೆ ಒಣಗಿತ್ತು, ಆ ಕಹಿ ಇನ್ನೂ ಅಲ್ಲೇ ಎಲ್ಲೋ ಇದ್ದ ಹಾಗಿತ್ತು. ನಾಲ್ಕೂವರೆಗೆ ಎದ್ದು ಬಾಗಿಲಿಗೆ ಬಂದ. ಒಂದು ಚಪ್ಪಲಿಯನ್ನು ಹೆಬ್ಬೆರಳಿಂದ ಎಳೆದು ಇನ್ನೊಂದರ ಪಕ್ಕ ಜೋಡಿಸಿ, ಎರಡಕ್ಕೂ ಕಾಲು ತೂರಿಸಿದ. ತಣ್ಣಗಿದ್ದವು. ಬೀದಿಯ ಒಣ ಕಲ್ಲಿನ ಮೇಲೆ ಸ್ವಲ್ಪ ದೂರದವರೆಗೆ ಒದ್ದೆ ಹೆಜ್ಜೆಗಳು ಅವನ ಹಿಂದೆ ಬಂದವು.