ಯಮನ ದಿಕ್ಕಿನ ಬಿಸಿನೀರು

ಜನವರಿ ತಿಂಗಳಲ್ಲಿ ವಯನಾಡಿನ ಮುಳ್ಳನ್‌ಕೊಲ್ಲಿಯ ಬೆಳಗು ಎಂದರೆ ಮಂಜು. ಆದರೆ ಶಿವನಂಜಪ್ಪನವರ ಮನೆಯ ಹಿಂದೆ ಬೆಳ್ಳಗೆ ಕಾಣುವುದೆಲ್ಲ ಮಂಜಲ್ಲ, ಅರ್ಧ ಹೊಗೆ. ಅಲ್ಲಿ ಬಚ್ಚಲ ಒಲೆಯ ಮುಂದೆ ಅವರ ಹೆಂಡತಿ ನಿಂಗಮ್ಮ ಕೂತು ಹಸಿ ಕಾಫಿ ಕಟ್ಟಿಗೆ ಊದುತ್ತಿರುತ್ತಾರೆ. ಒಂದು ಸಲ ಊದಿದರೆ ನಾಲ್ಕು ಸಲ ಕೆಮ್ಮುತ್ತಾರೆ.

ನಿಂಗಮ್ಮನಿಗೆ ದಮ್ಮು. ಕಳೆದ ಮಳೆಗಾಲದಲ್ಲಿ ಉಸಿರು ಸಿಕ್ಕದೆ ಮೂರು ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಕಳಿಸುವಾಗ ಡಾಕ್ಟರು, "ಇನ್ನು ಹೊಗೆಯ ಹತ್ತಿರ ಹೋಗಬಾರದು. ಇನ್ನೊಂದು ಸಲ ಹೀಗಾದರೆ ಕಷ್ಟ" ಎಂದಿದ್ದರು. ಅಡುಗೆಗೆ ಗ್ಯಾಸ್ ಇತ್ತು, ಆದರೆ ದಿನವೂ ಸ್ನಾನದ ನೀರು ಕಾಯಿಸುವಷ್ಟು ಅದು ಸಾಲುತ್ತಿರಲಿಲ್ಲ. ಸ್ನಾನದ ನೀರಿಗೆಂದು ಶಿವನಂಜಪ್ಪ ತಾರಸಿಯ ಮೇಲೆ ಸೋಲಾರ್ ಹಾಕಿಸಿದರು. ಆದರೂ ಒಲೆ ಆರಲಿಲ್ಲ. ಸೋಲಾರ್ ನೀರು ಉಗುರುಬೆಚ್ಚಗೆ ಬರುತ್ತಿತ್ತು, ಅಷ್ಟೆ. ಆ ಚಳಿಗೆ ಅದು ಸಾಲುತ್ತಿರಲಿಲ್ಲ.

ಒಂದು ದಿನ ನಿಷ ಕುಡುಂಬಶ್ರೀ ಮಹಿಳಾ ಸಂಘದ ಸಭೆಗೆ ಕರೆಯಲು ಬಂದಳು. ಪಾಲಿಟೆಕ್ನಿಕ್ ಓದಿದವಳು, ಪಕ್ಕದ ಓಣಿಯವಳು, ಸೋಲಾರ್ ರಿಪೇರಿ ಕೆಲಸ ಮಾಡುತ್ತಾಳೆ. ಕೆಮ್ಮು ಕೇಳಿ ನೇರ ಹಿತ್ತಲಿಗೆ ಹೋದಳು.

"ಮೇಲೆ ಸೋಲಾರ್ ಇದ್ದೂ ಕೆಳಗೆ ಯಾಕೆ ದೊಡ್ಡವ್ವ ಹೊಗೆ?"

"ಅದು ಇರೋದು ಕಾಗೆ ಕೂರೋಕೆ ಕಣವ್ವ."

ಶಿವನಂಜಪ್ಪ ಹೊರಗೆ ಬಂದರು. "ಅದೆಲ್ಲ ಬಿಸಿಲೂರಿಗೆ ಸರಿ ನಿಷ. ನಮ್ಮ ವಯನಾಡಿಗೆ ಆಗಿಬರಲ್ಲ. ಗುಜರಿಯವನಿಗೆ ಹೇಳಿ ಆಗಿದೆ, ಭಾನುವಾರ ಬಂದು ಎತ್ಕೊಂಡು ಹೋಗ್ತಾನೆ."

"ಭಾನುವಾರಕ್ಕೆ ಇನ್ನೂ ಐದು ದಿನ ಇದೆಯಲ್ಲ ದೊಡ್ಡಪ್ಪ. ಒಂದು ಸಲ ನೋಡ್ತೀನಿ."

ತಾರಸಿಯ ತುಂಬ ಕಾಫಿ ಹಣ್ಣು ಒಣಗಲು ಹರಡಿತ್ತು. ಸೋಲಾರ್ ಗಾಜಿನ ಮೇಲೆ ಕಂದು ಧೂಳು ಕೂತಿತ್ತು. ನಿಷ ಬೆರಳಲ್ಲಿ ಒಂದು ಗೆರೆ ಎಳೆದಳು. "ಇದರ ಮೇಲೆ ರಾಗಿ ಬಿತ್ತಬಹುದು ದೊಡ್ಡಪ್ಪ."

"ಕಾಫಿ ಕಾಲದಲ್ಲಿ ಧೂಳು ಇಲ್ಲದೆ ಇರುತ್ತಾ?"

ಅವಳು ಗಾಜಿನ ಮುಂದೆ ನಿಂತು ಸುತ್ತ ನೋಡಿದಳು. "ಇದ್ಯಾಕೆ ಪೂರ್ವಕ್ಕೆ ಮುಖ ಮಾಡಿದೆ? ಹಾಕಿದವನು ಹೀಗೇ ಇಟ್ಟನಾ?"

ಶಿವನಂಜಪ್ಪ ಕಾಫಿ ಕೆದಕತೊಡಗಿದರು. ಮೆಟ್ಟಿಲ ಮೇಲೆ ನಿಂತಿದ್ದ ನಿಂಗಮ್ಮ ಹೇಳಿದರು: "ಅವನು ದಕ್ಷಿಣಕ್ಕೇ ಇಡೋಕೆ ಹೊರಟಿದ್ದ. ಇವರೇ ಬಿಡಲಿಲ್ಲ."

"ದಕ್ಷಿಣ ಯಮನ ದಿಕ್ಕು ಅಲ್ವೇನೇ," ಎಂದರು ಶಿವನಂಜಪ್ಪ. "ನೀನು ಆಗ ತಾನೇ ಆಸ್ಪತ್ರೆಯಿಂದ ಬಂದಿದ್ದೆ. ಮನೆ ಮೇಲೆ ಅಷ್ಟಗಲ ಗಾಜು ಅವನ ಕಡೆ ತಿರುಗಿಸಿ ಇಡೋದಾ? ಸೂರ್ಯ ಹುಟ್ಟೋದು ಪೂರ್ವದಲ್ಲಿ. ಹುಟ್ಟೋ ಕಡೆಗೇ ಇಡಿಸಿದೆ."

ನಿಷ ನಗಲಿಲ್ಲ. "ನನ್ನ ಮಾತು ನಂಬಬೇಡಿ ದೊಡ್ಡಪ್ಪ. ಒಂದು ಡಬ್ಬಕ್ಕೆ ಮರಳು ತುಂಬಿ, ನೆಟ್ಟಗಿರೋ ಕೋಲು ನಿಲ್ಲಿಸಿ. ನಾಳೆ ಇಡೀ ದಿನ ಅದರ ನೆರಳು ಎಲ್ಲೆಲ್ಲಿ ಬೀಳುತ್ತೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಸಂಜೆ ಬರ್ತೀನಿ."

ಮರುದಿನ ಶಿವನಂಜಪ್ಪ ಏಳು ಗಂಟೆಗೇ ತಾರಸಿ ಹತ್ತಿದರು. ನೆರಳಿಲ್ಲ, ಬರೀ ಮಂಜು. ಎಂಟಕ್ಕೂ ಇಲ್ಲ. ಒಂಬತ್ತೂವರೆ ದಾಟಿದ ಮೇಲೆ ಮೊದಲ ಗುರುತು ಬಿತ್ತು. ಊಟಕ್ಕೆ ಕರೆದರೂ ಇಳಿಯಲಿಲ್ಲ. "ಇವತ್ತು ಕಾಫಿ ಚೆನ್ನಾಗಿ ಒಣಗುತ್ತೆ ಬಿಡಿ, ನೀವು ಅಷ್ಟೊತ್ತು ಕಾವಲು ಕೂತಿದೀರಿ," ಎಂದು ನಿಂಗಮ್ಮ ತಟ್ಟೆಯನ್ನು ಮೇಲೆಯೇ ತಂದುಕೊಟ್ಟರು.

ಸಂಜೆ ನಿಷ ಬಂದಾಗ ಗುರುತುಗಳೆಲ್ಲ ಕೋಲಿನ ಒಂದೇ ಬದಿಗಿದ್ದವು.

"ನೆರಳು ಯಾವ ಕಡೆ ದೊಡ್ಡಪ್ಪ?"

"ಎಲ್ಲಾ ಉತ್ತರದ ಕಡೆಗೇ ಇದೆ."

"ಹಾಗಾದ್ರೆ ಸೂರ್ಯ?"

ಅವರು ಕೋಲಿನ ಆಚೆ ಬದಿಗೆ ತಿರುಗಿ ನೋಡಿ, "ದಕ್ಷಿಣದಲ್ಲಿ," ಎಂದರು.

"ಚಳಿಗಾಲ ಪೂರ್ತಿ ಅವನು ದಕ್ಷಿಣಕ್ಕೆ ವಾಲಿಕೊಂಡೇ ಹೋಗ್ತಾನೆ. ಪೂರ್ವದ ಎಳೆಬಿಸಿಲನ್ನ ನಮ್ಮ ಮಂಜು ತಿಂದುಬಿಡುತ್ತೆ. ಮಂಜು ಕರಗಿ ಒಳ್ಳೆ ಬಿಸಿಲು ಬರೋ ಹೊತ್ತಿಗೆ ಅದು ಗಾಜಿಗೆ ಓರೆಯಾಗಿ ಬೀಳುತ್ತೆ. ಮಧ್ಯಾಹ್ನ ದಾಟಿದರೆ ಬೆನ್ನಿಗೆ ಬೀಳುತ್ತೆ. ಅದರ ಮೇಲೆ ಧೂಳು ಬೇರೆ. ನೀರು ಕಾಯೋದು ಹೇಗೆ?"

ಶಿವನಂಜಪ್ಪ ಇನ್ನೂ ಅನುಮಾನದಲ್ಲೇ ಇದ್ದರು. ಆಗ ನಿಂಗಮ್ಮ ಹೇಳಿದರು: "ಯಮ ನನ್ನ ಹತ್ರ ಬಂದಿದ್ದು ಬಚ್ಚಲ ಹೊಗೇಲಿ ಕಣ್ರೀ. ಮೂರು ದಿನ ಆಸ್ಪತ್ರೇಲಿ ನೋಡಿ ಬಂದಿದೀನಿ. ಗಾಜು ತಿರುಗಿಸಿ."

"ನಿನ್ನ ಒಳ್ಳೇದಕ್ಕೇ ಅಂದ್ಕೊಂಡಿದ್ದೆ."

"ಗೊತ್ತು. ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ."

ಮರುದಿನ ನಿಷ ತನ್ನ ಜೊತೆ ಕೆಲಸ ಮಾಡುವ ಶೋಭಳನ್ನು ಕರೆತಂದಳು. ಮೊದಲು ನೀರಿನ ಬಿಸಿ ಅಳೆದರು. ಮೂವತ್ತೊಂಬತ್ತು ಡಿಗ್ರಿ. ಟ್ಯಾಂಕ್ ಖಾಲಿ ಮಾಡಿ, ಚೌಕಟ್ಟಿನ ಬೋಲ್ಟ್ ಬಿಚ್ಚಿ, ಗಾಜಿನ ಮುಖವನ್ನು ದಕ್ಷಿಣಕ್ಕೆ ತಿರುಗಿಸಿ ಕೂರಿಸಿದರು. ಗಾಜು ತೊಳೆದರು. ಟ್ಯಾಂಕಿನಿಂದ ಬಚ್ಚಲಿಗೆ ಇಳಿಯುವ ಪೈಪ್ ಬರಿಮೈಯಲ್ಲಿತ್ತು. ಅದಕ್ಕೆ ಮೇಲಿಂದ ಕೆಳಗಿನವರೆಗೂ ಫೋಮ್ ಹೊದಿಕೆ ಸುತ್ತಿದರು.

"ಈ ಚಳಿಗೆ ನಾವೇ ಕಂಬಳಿ ಹೊದೀತೀವಿ, ಪೈಪಿಗೆ ಬೇಡ್ವಾ ಅಜ್ಜ?" ಎಂದಳು ಶೋಭ.

ಎರಡು ದಿನ ಚೆನ್ನಾಗಿ ಬಿಸಿಲು ಬಿತ್ತು. ಶನಿವಾರ ಸಂಜೆ ಅಳೆದಾಗ ಐವತ್ತಾರು ಡಿಗ್ರಿ. ಆದರೆ ಶಿವನಂಜಪ್ಪ ಒಪ್ಪಲಿಲ್ಲ. "ಸಂಜೆ ಬಿಸಿ ಇದ್ದು ಏನು ಬಂತು? ಇವಳು ಸ್ನಾನ ಮಾಡೋದು ಬೆಳಿಗ್ಗೆ."

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಿಂಗಮ್ಮ ನಲ್ಲಿ ತಿರುಗಿಸಿದರು. ಮೊದಲು ಬಂದದ್ದು ತಣ್ಣೀರು. ಬಾಗಿಲಲ್ಲಿ ನಿಂತಿದ್ದ ಶಿವನಂಜಪ್ಪನವರ ಮುಖ ಇಳಿಯಿತು. ನಿಂಗಮ್ಮ ನಲ್ಲಿ ನಿಲ್ಲಿಸಲಿಲ್ಲ. ಪೈಪಿನಲ್ಲಿ ರಾತ್ರಿಯೆಲ್ಲ ನಿಂತ ನೀರು ಮೊದಲು ಬರುತ್ತದೆ, ಅದನ್ನು ಪಾತ್ರೆ ತೊಳೆಯಲು ಹಿಡಿದಿಟ್ಟುಕೊಳ್ಳಿ ಎಂದು ನಿಷ ಹೇಳಿದ್ದಳು. ಅರ್ಧ ಬಕೆಟ್ ತುಂಬಿದ ಮೇಲೆ ಆವಿ ಎದ್ದಿತು. ನಿಂಗಮ್ಮ ಕೈಯೊಡ್ಡಿ ತಟ್ಟನೆ ಹಿಂದಕ್ಕೆಳೆದರು.

"ಸುಡುತ್ತೆ ರೀ. ತಣ್ಣೀರು ತನ್ನಿ."

ಶಿವನಂಜಪ್ಪ ತಣ್ಣೀರು ತಂದಿಟ್ಟು, ಜಗಲಿಗೆ ಬಂದು ಕೂತರು. ಒಳಗಿನಿಂದ ಚೊಂಬಲ್ಲಿ ನೀರು ಹುಯ್ದುಕೊಳ್ಳುವ ಸದ್ದು ಬರುತ್ತಿತ್ತು. ಅವರು ಕಿವಿಗೊಟ್ಟು ಕೂತೇ ಇದ್ದರು. ಸ್ನಾನ ಮುಗಿಯುವವರೆಗೂ ಒಂದು ಸಲವೂ ಕೆಮ್ಮು ಕೇಳಲಿಲ್ಲ.

ಗುಜರಿಯವನು ಹತ್ತು ಗಂಟೆಗೆ ಬಂದ. ಶಿವನಂಜಪ್ಪ ಅವನಿಗೆ ಒಲೆಯ ಮೇಲಿದ್ದ ಹಂಡೆ ತೋರಿಸಿದರು.

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಸೋಲಾರ್ ನೀರು ಕಾಯುತ್ತಿಲ್ಲವೆಂದರೆ ಅದನ್ನು ಕಿತ್ತು ಹಾಕುವ ಮೊದಲು ಒಂದು ಸಲ ತಾರಸಿ ಹತ್ತಿ. ಗಾಜು ದಕ್ಷಿಣಕ್ಕಿದೆಯೇ, ಸಿಲ್ವರ್ ಓಕ್ ಮರದ ನೆರಳು ಅದರ ಮೇಲೆ ಬೀಳುತ್ತಿದೆಯೇ ನೋಡಿ. ಹದಿನೈದು ದಿನಕ್ಕೊಮ್ಮೆ, ಕಾಫಿ ಕಾಲದಲ್ಲಿ ವಾರಕ್ಕೊಮ್ಮೆ, ಗಾಜು ತೊಳೆಯಿರಿ. ಬೆಳಿಗ್ಗೆ ಗಾಜು ತಣ್ಣಗಿರುವಾಗಲೇ ತೊಳೆಯಬೇಕು, ಕಾದ ಗಾಜಿಗೆ ತಣ್ಣೀರು ಬಿದ್ದರೆ ಒಡೆಯಬಹುದು. ಬಿಸಿನೀರಿನ ಪೈಪಿಗೆ ಹೊದಿಕೆ ಹಾಕಿಸಿ. ಬೋರ್‌ವೆಲ್ ನೀರಾದರೆ ಒಳಗೆ ಸುಣ್ಣ ಕಟ್ಟುತ್ತದೆ, ವರ್ಷಕ್ಕೊಮ್ಮೆ ತಿಳಿದವರಿಂದ ತೆಗೆಸಿ. ಚೌಕಟ್ಟು ತಿರುಗಿಸುವ ಕೆಲಸವನ್ನೂ ತಿಳಿದವರಿಗೇ ಬಿಡಿ. ಮಳೆಗಾಲದಲ್ಲಿ ಮೋಡ ಕವಿದ ದಿನ ನೀರು ಕಾಯುವುದಿಲ್ಲ, ಅದು ನಿಜ. ಆ ದಿನಗಳಿಗೆ ಗ್ಯಾಸ್ ಇರಲಿ. ಉಳಿದ ದಿನಗಳಲ್ಲಿ, ನಿಮ್ಮ ಮನೆಯಲ್ಲಿ ಒಲೆ ಊದುತ್ತಾ ಕೂತವರನ್ನು ಅಲ್ಲಿಂದ ಎಬ್ಬಿಸಿ.